ಬೆರಳಿನ ಪಾಠ

ಕೂಸು ಹಿಟ್ಟಿನ ಡಬ್ಬಿಗೆ ಕೈಯಿಟ್ಟೊಡನೆ ಗದರಿಸುವುದು ಮನೆಮನೆಯ ವಾಡಿಕೆ. ಗುಡಿಸುವವರ ಶ್ರಮವನ್ನು ನಾವು ಬಲ್ಲೆವು. ಆದರೆ ತ್ವಗಿಂದ್ರಿಯಕ್ಕೂ ಅಭ್ಯಾಸ ಬೇಕಷ್ಟೆ. ೧೯೦೭ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ವಸ್ತ್ರಗಳ ನಯವನ್ನೂ ಒರಟನ್ನೂ ಬೆರಳಿನಿಂದಲೇ ಅರಿಯುವಂತೆ ಮಾಡಿದರು. ಇದರಲ್ಲಿ ಗುಡಿಸುವುದಕ್ಕೇನಿದೆ?

ನಮ್ಮ ಮನೆಗಳಿಗೆ ಒಂದು ಬಟ್ಟೆಯ ಚೀಲ ಸಾಕು. ಮರದ ಸೌಟು, ಅಂಚು ತೇದ ತೆಂಗಿನ ಕರಟ, ಒಣಗಿದ ಹೀರೆಯ ನಾರು, ರೇಷ್ಮೆಯ ತುಂಡು ಇವನ್ನು ಅದರಲ್ಲಿಟ್ಟು, ನೋಡದೆ ಕೈಹಾಕಿ ಹೆಸರು ಹೇಳೆನ್ನಿರಿ. ಮಾತು ಬಾರದ ಕೂಸು ಸುಮ್ಮನೆ ತಡವಿದರೂ ಆಯಿತು. ಕಾಳೇ ಬೇಕೆಂದು ಹಟ ಹಿಡಿದರೆ ಹಳೆಯ ಸೀರೆ ಹಾಸಿ, ಮೊರದಲ್ಲಿ ರಾಗಿ ಹರಡಿಕೊಡಿರಿ. ದೊಡ್ಡವರೊಬ್ಬರು ಬಳಿಯಲ್ಲೇ ಕುಳಿತಿರತಕ್ಕದ್ದು. ಕಡಲೆ, ಹುಣಿಸೆಬೀಜಗಳನ್ನು ಮಾತ್ರ ೩ ವರ್ಷ ತುಂಬದ ಮಕ್ಕಳ ಕೈಗೆ ಕೊಡಲಾಗದು. ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟೀತು.