ಜೀವಕೋಶದ ಪಾಠ ಚಿತ್ರದಿಂದ ಆರಂಭವಾಗಬಾರದು

ಜೀವಕೋಶ ಎಂದರೇನು ಎಂಬ ಪ್ರಶ್ನೆಗೆ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಉತ್ತರ ಒಂದೇ: ಜೀವಿಗಳ ರಚನೆಯ ಮತ್ತು ಕಾರ್ಯದ ಮೂಲ ಘಟಕ. ವಾಕ್ಯದಲ್ಲಿ ತಪ್ಪಿಲ್ಲ. ಅದರ ಬೆನ್ನಿಗೇ ಎರಡು ಚಿತ್ರಗಳು ಬರುತ್ತವೆ. ಚೌಕಾಕಾರದ್ದು ಸಸ್ಯಕೋಶ, ದುಂಡನೆಯದು ಪ್ರಾಣಿಕೋಶ. ಕೋಶಪೊರೆ, ಕೋಶಕೇಂದ್ರ, ಮೈಟೋಕಾಂಡ್ರಿಯ ಎಂದು ಗೆರೆ ಎಳೆದು ಹೆಸರು ಬರೆದರೆ ಪಾಠ ಮುಗಿಯಿತು. ಆದರೆ ಆ ಕೋಶ ಬದುಕಿದೆ ಎಂದು ಹೇಗೆ ತಿಳಿಯುವುದು? ಚಿತ್ರ ಅದನ್ನು ಹೇಳುವುದಿಲ್ಲ. ಜೀವಕೋಶದ ಪಾಠ ಅದು ಮಾಡುವ ಕೆಲಸದಿಂದ ಆರಂಭವಾಗಬೇಕು, ಹೆಸರು ಮತ್ತು ಚಿತ್ರ ಆಮೇಲೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಶವನ್ನು ಬರಿಯ ಕೋಣೆಯಾಗಿ ನೋಡುವ ದೃಷ್ಟಿ ಹಳೆಯದು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಸತ್ತ ಕೋಶಗಳ ಗೋಡೆಗಳು ಮಾತ್ರ. ಒಳಗೆ ಏನೂ ಉಳಿದಿರಲಿಲ್ಲ. ಪುಟ್ಟ ಕೋಣೆಗಳಂತೆ ಕಂಡವೆಂದು ಅವುಗಳಿಗೆ ‘ಸೆಲ್’ ಎಂದು ಹೆಸರಿಟ್ಟ. ಸುಮಾರು ಒಂದು ದಶಕದ ನಂತರ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಕೆರೆಯ ನೀರಿನ ಹನಿಯಲ್ಲಿ ಚಲಿಸುವ ಜೀವಿಗಳನ್ನು ಕಂಡ. ಹಾಗಿದ್ದರೂ ಸಸ್ಯ, ಪ್ರಾಣಿಗಳೆಲ್ಲ ಕೋಶಗಳಿಂದಲೇ ಆಗಿವೆ ಎಂದು ಶ್ಲೈಡನ್ ಮತ್ತು ಶ್ವಾನ್ ಪ್ರತಿಪಾದಿಸಲು 1838–39 ಬರಬೇಕಾಯಿತು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂದು ವಿರ್ಕೋವ್ ಸಾರಿದ್ದು 1855ರಲ್ಲಿ. ಇಂಗ್ಲಿಷಿನ ಹೆಸರಿನಲ್ಲಿ ಇಂದಿಗೂ ಕೋಣೆ ಮಾತ್ರ ಇದೆ. ನಮ್ಮ ‘ಜೀವಕೋಶ’ ಎಂಬ ಪದದಲ್ಲಾದರೋ ಜೀವವೇ ಮೊದಲು ಬರುತ್ತದೆ. ಇಷ್ಟು ಒಳ್ಳೆಯ ಪದವಿದ್ದೂ ನಾವು ಮಕ್ಕಳನ್ನು ಹುಕ್‌ನ ಖಾಲಿ ಕೋಣೆಯಲ್ಲೇ ನಿಲ್ಲಿಸುತ್ತಿದ್ದೇವೆ.

ಜೀವ ತೋರಿಸಲು ಅಡುಗೆಮನೆ ಸಾಕು. ಬೀಟ್‌ರೂಟ್ ಹೋಳುಗಳನ್ನು ಚೆನ್ನಾಗಿ ತೊಳೆದು ಒಂದಿಷ್ಟನ್ನು ತಣ್ಣೀರಿಗೂ ಒಂದಿಷ್ಟನ್ನು ಕುದಿಯುವ ನೀರಿಗೂ ಹಾಕಿ. ತಣ್ಣೀರು ಹೆಚ್ಚು ಬಣ್ಣಗೂಡುವುದಿಲ್ಲ, ಬಿಸಿನೀರು ಬೇಗನೆ ಕಡುಗೆಂಪಾಗುತ್ತದೆ. ಬದುಕಿರುವ ಕೋಶ ಬಣ್ಣವನ್ನು ಪೊರೆಗಳೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಶಾಖಕ್ಕೆ ಪೊರೆ ಹಾಳಾದೊಡನೆ ಹಿಡಿತ ತಪ್ಪುತ್ತದೆ. ಒಳಗಿನದನ್ನು ಹೊರಗಿನಿಂದ ಬೇರೆಯಾಗಿ ಕಾಪಾಡಿಕೊಳ್ಳುವುದು ಜೀವದ ಮೊದಲ ಲಕ್ಷಣ, ಅದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಸೌತೆಕಾಯಿ ಕೋಸಂಬರಿಗೆ ಬಡಿಸುವ ಹೊತ್ತಿಗೇ ಏಕೆ ಉಪ್ಪು ಹಾಕುತ್ತಾರೆ? ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಪೊರೆಯ ಮೂಲಕ ನೀರು ಉಪ್ಪಿನ ಕಡೆಗೆ ಸಾಗುವ ಈ ಕ್ರಿಯೆಯೇ ಅಭಿಸರಣೆ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲೆಲ್ಲ ಮೊಸರು. ಹೆಪ್ಪಿನಲ್ಲಿರುವ ಏಕಕೋಶ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಉಂಡು, ಶಕ್ತಿ ಪಡೆದು, ಆಮ್ಲವನ್ನು ಹೊರಹಾಕಿ, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚಿರುತ್ತವೆ. ಆಹಾರ, ವಿಸರ್ಜನೆ, ವೃದ್ಧಿ ಮೂರೂ ಒಂದೇ ಪಾತ್ರೆಯಲ್ಲಿ ನಡೆದಿರುತ್ತವೆ.

ಹಾಲು ಹೆಪ್ಪುಗಟ್ಟಿದ್ದು ಬರಿಯ ರಾಸಾಯನಿಕ ಕ್ರಿಯೆ, ಅದರಲ್ಲಿ ಜೀವಕೋಶ ಕಂಡಿತೆಲ್ಲಿ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕೇ ಇನ್ನೊಂದು ಬಟ್ಟಲಿನ ಹಾಲಿಗೆ ಚೆನ್ನಾಗಿ ಕುದಿಸಿ ಆರಿಸಿದ ಹೆಪ್ಪನ್ನು ಹಾಕಿಸಬೇಕು. ಹಾಲು ಹೆಪ್ಪುಗಟ್ಟುವುದಿಲ್ಲ. ಏಕೆ ಎಂಬ ಪ್ರಶ್ನೆ ಆಗ ಮಗುವಿನಿಂದಲೇ ಬರುತ್ತದೆ. ಸೂಕ್ಷ್ಮದರ್ಶಕ ಕೈಗೆ ಬರಬೇಕಾದ್ದು ಆ ಗಳಿಗೆಯಲ್ಲಿ. ಸರ್ಕಾರಿ ಶಾಲೆಗೆ ಅದೆಲ್ಲ ಎಲ್ಲಿಂದ ಎನ್ನುವವರು ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಬಗ್ಗೆ ತಿಳಿಯಬೇಕು. ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುವ ಅದರಲ್ಲಿ ಈರುಳ್ಳಿ ಪೊರೆಯ ಕೋಶಗಳು ಕಾಣುತ್ತವೆ. ಇಡೀ ಶಾಲೆಗೆ ಒಂದಿದ್ದರೂ ಸರದಿಯಲ್ಲಿ ನೋಡಬಹುದು.

ಪರೀಕ್ಷೆಯಲ್ಲಿ ಚಿತ್ರಕ್ಕೇ ಅಂಕವಿರುವಾಗ ಶಿಕ್ಷಕರು ಏನು ಮಾಡಬೇಕು ಎಂಬುದು ಇದಕ್ಕಿಂತ ಗಟ್ಟಿಯಾದ ವಾದ. ಚಿತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಬರೆಯುವುದೂ ವಿಜ್ಞಾನವೇ. ಆದರೆ ಕಾಣದೆ ನಕಲು ಮಾಡಿದ ಚಿತ್ರ ತಪ್ಪು ತಿಳಿವಳಿಕೆಯನ್ನೂ ಬೆಳೆಸುತ್ತದೆ. ಕೋಶ ಚಪ್ಪಟೆಯಾಗಿರುತ್ತದೆ ಎಂದೋ, ಸಸ್ಯಕೋಶದಲ್ಲಿ ಕ್ಲೋರೋಪ್ಲಾಸ್ಟ್ ಇರುವುದರಿಂದ ಮೈಟೋಕಾಂಡ್ರಿಯ ಇರುವುದಿಲ್ಲವೆಂದೋ ಮಕ್ಕಳು ನಂಬಿಬಿಡುತ್ತಾರೆ. ಪುಸ್ತಕದ ‘ಮಾದರಿ’ ಕೋಶವಂತೂ ದೇಹದಲ್ಲಿ ಎಲ್ಲೂ ಇಲ್ಲ. ಆಮ್ಲಜನಕ ಹೊರುವ ನಮ್ಮ ಕೆಂಪು ರಕ್ತಕಣ ಪಕ್ವವಾಗುವಾಗ ಕೋಶಕೇಂದ್ರವನ್ನೇ ಕಳೆದುಕೊಳ್ಳುತ್ತದೆ. ಬೆನ್ನುಹುರಿಯಿಂದ ಪಾದದವರೆಗೆ ಚಾಚುವ ನರಕೋಶದ ತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಕೆಲಸಕ್ಕೆ ತಕ್ಕ ರೂಪ ಎಂಬುದನ್ನು ಅರಿತ ಮಗುವಿಗೆ ಭಾಗಗಳ ಹೆಸರು ಉರು ಹೊಡೆಯುವ ಪಾಡು ಇರುವುದಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಭಾಗ ಗುರುತಿಸಿ ಎಂಬ ಪ್ರಶ್ನೆಯ ಜೊತೆಗೆ, ಬೀಟ್‌ರೂಟ್ ಬಿಸಿನೀರಿನಲ್ಲಿ ಏಕೆ ಬಣ್ಣ ಬಿಟ್ಟಿತು ಎಂದೂ ಕೇಳಲಿ. ಶಿಕ್ಷಕರು ಈ ಪಾಠದ ಮೊದಲ ದಿನ, ಕಪ್ಪುಹಲಗೆಯ ಮೇಲೆ ಕೋಶದ ಚಿತ್ರ ಬರೆಯುವ ಮುನ್ನ, ಒಂದು ಬೀಟ್‌ರೂಟನ್ನು ತರಗತಿಗೆ ತರಲಿ.