ಆಸೆಯನ್ನು ತಿಳಿಸುವ ಬಗೆ
ಒಮಾನಿನ ಮತ್ರಾ ವಿಲಾಯತ್ತಿಗೆ ಸೇರಿದ ರುವಿ, ದಾರ್ಸೈತ್‌ಗಳಲ್ಲಿ ಬೆಳೆದು, ಎಂಬಿಬಿಎಸ್‌ಗೆ ಕರ್ನಾಟಕಕ್ಕೆ ಬರುವ ಕನ್ನಡದ ಮಕ್ಕಳಿಗೆ ಪದವಿ ಮುಗಿದೊಡನೆ ದಾರಿ ಕವಲೊಡೆಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಎಂಡಿ, ಎಂಎಸ್ ಸೀಟು ಬಯಸಿದರೆ ನೀಟ್ ಪಿಜಿ ರ‍್ಯಾಂಕೇ ನಿರ್ಣಾಯಕ. ಅಭ್ಯರ್ಥಿ ಆಪ್ಷನ್ ಎಂಟ್ರಿಯಲ್ಲಿ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬಿದರೆ ಸಾಕು, ಯಾವ ಕಾಲೇಜನ್ನೂ ಒಲಿಸಿಕೊಳ್ಳಬೇಕಿಲ್ಲ. ತಜ್ಞ ತರಬೇತಿಗೆ ಅಮೆರಿಕಕ್ಕೆ ಹೋಗಬಯಸಿದರೆ ಹಾಗಲ್ಲ. ಅಲ್ಲಿ 1952ರಿಂದ ನಡೆದುಬಂದ ‘ಮ್ಯಾಚ್’ನಲ್ಲಿ ಅಭ್ಯರ್ಥಿಗಳೂ ಆಸ್ಪತ್ರೆಗಳೂ ಆದ್ಯತೆಯ ಪಟ್ಟಿ ಕೊಡುತ್ತಾರೆ, ಕಂಪ್ಯೂಟರ್ ಜೋಡಿಸುತ್ತದೆ. ಅದರ ಈಗಿನ ಲೆಕ್ಕಾಚಾರ ರೂಪಿಸಿದವರಲ್ಲೊಬ್ಬರಾದ ಆಲ್ವಿನ್ ರಾತ್, 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. ತೊಡಕಿರುವುದು ಸಂದರ್ಶನಕ್ಕೂ ಮೊದಲು: ಒಬ್ಬೊಬ್ಬರೂ ಹತ್ತಾರು ಕಡೆ ಅರ್ಜಿ ಗುಜರಾಯಿಸಿದಾಗ, ನಿಜಕ್ಕೂ ಬರಬಯಸುವವರು ಯಾರೆಂದು ಆಸ್ಪತ್ರೆಗೆ ತಿಳಿಯುವುದು ಹೇಗೆ? ಕಿವಿ-ಮೂಗು-ಗಂಟಲು ವಿಭಾಗದವರು 2020–21ರಲ್ಲಿ ಪ್ರತಿ ಅಭ್ಯರ್ಥಿಗೆ 5 ‘ಸಿಗ್ನಲ್’ ಕೊಟ್ಟರು. ‘ನಿಮ್ಮಲ್ಲಿಗೇ ಬರುವಾಸೆ’ ಎಂದು ಐದೇ ಕಡೆ ಹೇಳಬಹುದಾದ್ದರಿಂದ ಆ ಮಾತಿಗೆ ಬೆಲೆ ಬಂತು. ಮೂಳೆ ಶಸ್ತ್ರಚಿಕಿತ್ಸಾ ವಿಭಾಗ 2022–23ರಲ್ಲಿ ಪ್ರತಿ ಅಭ್ಯರ್ಥಿಗೆ 30 ಸಿಗ್ನಲ್ ಹಂಚಿದಾಗ ಸಿಗ್ನಲ್‌ನ ಕೆಲಸವೇ ಬದಲಾಯಿತು: ಸಿಗ್ನಲ್ ಇಲ್ಲದ ಕಡೆ ಸಂದರ್ಶನದ ಕರೆ ಬರುವ ಸಾಧ್ಯತೆ ತೀರಾ ಕ್ಷೀಣ. ರುವಿಯಲ್ಲಿ ಬೆಳೆದು ಕರ್ನಾಟಕದಲ್ಲಿ ಓದಿದ, ಪರವಾಗಿ ಫೋನ್ ಮಾಡಬಲ್ಲ ಪ್ರಾಧ್ಯಾಪಕರು ಅಮೆರಿಕದಲ್ಲಿಲ್ಲದ ಹುಡುಗಿಗೆ ತನ್ನ ಆಸೆಯನ್ನು ನೇರವಾಗಿ ತಿಳಿಸಲು ಈ ಸಿಗ್ನಲ್ ನ್ಯಾಯವಾದ ಅವಕಾಶ. ಆದ್ದರಿಂದ ಅವಳು ಹೆಸರಾಂತ ಆಸ್ಪತ್ರೆಗಳ ಬೆನ್ನು ಹತ್ತುವ ಬದಲು, ವಿದೇಶಿ ಪದವೀಧರರನ್ನು ಈಗಾಗಲೇ ಸೇರಿಸಿಕೊಂಡ, ವೀಸಾಕ್ಕೆ ಒಪ್ಪುವ ಆಸ್ಪತ್ರೆಗಳನ್ನು ಹುಡುಕಿ ಸಿಗ್ನಲ್‌ಗಳನ್ನು ಅಲ್ಲಿಗೇ ಮೀಸಲಿಡಬೇಕು.