ಮುಂಗಾರಿ ಜೋಳದ ತೆನೆಗೆ ಬೂಷ್ಟು: ತಪ್ಪು ಮಳೆಯದೊಂದೇ ಅಲ್ಲ

2020ರ ಅಕ್ಟೋಬರ್‌ನಲ್ಲಿಯೂ 2025ರ ಸೆಪ್ಟೆಂಬರ್‌ನಲ್ಲಿಯೂ ಭೀಮೆ ಉಕ್ಕಿದಾಗ ಗಾಣಗಾಪುರದ ಸೇತುವೆ ಮುಳುಗಿತು. ದಂಡೆಯ ಹೊಲಗಳು ನೀರುಪಾಲಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಆದರೆ ಇಂಥ ವರ್ಷಗಳಲ್ಲಿ ಹೊಳೆ ಮುಟ್ಟದ ಎರೆ ಹೊಲದಲ್ಲಿಯೂ ಒಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಮಾಗುತ್ತಿರುವ ಮುಂಗಾರಿ ಹೈಬ್ರಿಡ್ ಜೋಳದ ತೆನೆಗೆ ಬೂಷ್ಟು ಹತ್ತಿ, ಕಾಳು ಕಪ್ಪಾಗಿಯೋ ಗುಲಾಬಿಯಾಗಿಯೋ ಹಿಟ್ಟು ಹಿಟ್ಟಾಗುತ್ತದೆ.

ರೈತ ಬಾಂಧವರು ಮಳೆಯನ್ನು ಬಯ್ಯುವುದು ಸಹಜ. ಆದರೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ. ಹಿಂದಿನವರ ಎತ್ತರದ ಮುಂಗಾರಿ ಜೋಳ ಹಗಲು ಕಿರಿದಾದ ಮೇಲೆ ಹೂಬಿಟ್ಟು, ಮಳೆ ಹಿಂದೆಗೆದ ಬಳಿಕ ಮಾಗುತ್ತಿತ್ತು. 1964ರಲ್ಲಿ ಸಿ.ಎಸ್.ಎಚ್.-1 ಬಂದಂದಿನಿಂದ ನೂರು, ನೂರಹತ್ತು ದಿನದ ತಳಿಗಳು ಬಂದವು. ಇಳುವರಿ ಹೆಚ್ಚಿತು, ನಿಜ. ಆದರೆ ಮಿರುಗದಲ್ಲಿ ಬಿತ್ತಿದ ಹೈಬ್ರಿಡ್ ಉತ್ತರಿ, ಹಸ್ತಿ ಮಳೆಗೆ ಸರಿಯಾಗಿ ತೆನೆ ಒಡ್ಡಿ ನಿಲ್ಲುತ್ತದೆ. ಬಿತ್ತನೆ ತಡ ಮಾಡೋಣವೆಂದರೆ ಸುಳಿ ನೊಣ ಬಿಡುವುದಿಲ್ಲ.

ಬಣ್ಣ ಕೆಟ್ಟರೇನು, ರೊಟ್ಟಿಗೆ ನಡೆಯುತ್ತದೆ ಎನ್ನುವವರುಂಟು. 1995ರಲ್ಲಿ ಕರ್ನಾಟಕ, ಆಂಧ್ರದ ಹಲವು ಹಳ್ಳಿಗಳಲ್ಲಿ ಮಳೆಗೆ ತೊಯ್ದ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗು, ಭೇದಿ ಕಾಣಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ತನಿಖೆ ಮಾಡಿದಾಗ ಆ ಕಾಳಿನಲ್ಲಿ ಫ್ಯುಮೋನಿಸಿನ್ ಎಂಬ ವಿಷ ಸಿಕ್ಕಿತು. ಫ್ಯುಸೇರಿಯಂ ಬೂಷ್ಟು ಹುಟ್ಟಿಸುವ ಈ ವಿಷ ಹಂಚಿನ ಕಾವಿಗೆ ಪೂರ್ತಿ ಸಾಯುವುದಿಲ್ಲ. ಕುದುರೆಗಂತೂ ಇಂಥ ಕಾಳು ಹಾಕಲೇಬಾರದು.

ಇಲ್ಲಿ ಖರೀದಿ ಕೇಂದ್ರದ ಪ್ರಶ್ನೆ ಬರುತ್ತದೆ. 2025-26ರ ಹಂಗಾಮಿಗೆ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,699 ರೂಪಾಯಿ. ಮಳೆ ಹೆಚ್ಚಾದಾಗ ಗುಣಮಟ್ಟದ ನಿಯಮ ಸಡಿಲಿಸಿ ಎಂಬ ಕೂಗು ಏಳುತ್ತದೆ. ರೈತರ ಸಂಕಟ ನನಗೆ ಗೊತ್ತು, ಆದರೂ ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಕೇಂದ್ರ ಕೊಂಡ ಜೋಳ ರೇಷನ್ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಕೂಲಿಕಾರರ ಮನೆಗೆ. ನಷ್ಟವನ್ನು ಪರಿಹಾರದಿಂದ, ವಿಮೆಯಿಂದ ತುಂಬಬೇಕು, ಬಡವರ ಹೊಟ್ಟೆಯಿಂದಲ್ಲ. ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ, ಫಸಲ್ ಬಿಮಾ ನೋಂದಾಯಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಈ ಗಡುವು ತಪ್ಪಿಸಿಕೊಂಡು ಆಮೇಲೆ ಕಚೇರಿ ಅಲೆಯುವವರನ್ನು ಬಹಳ ನೋಡಿದ್ದೇನೆ.

ಹೊಲದಲ್ಲಿ ಮಾಡಬೇಕಾದ ಮುಖ್ಯ ಕೆಲಸ ಕೊಯ್ಲಿನದು. ಕಾಳನ್ನು ಬಿಡಿಸಿ ಬುಡ ನೋಡಿರಿ. ಅಲ್ಲಿ ಕಪ್ಪು ಚುಕ್ಕೆ ಮೂಡಿದ್ದರೆ ಕಾಳು ಬಲಿತಿದೆ ಎಂದರ್ಥ. ಇನ್ನು ತೂಕ ಹೆಚ್ಚುವುದಿಲ್ಲ. ದಂಟು ಒಣಗಲೆಂದು ಕಾಯುತ್ತ ಕುಳಿತರೆ ಬೂಷ್ಟಿಗೆ ಔತಣ ಕೊಟ್ಟಂತೆ. ಬಿಸಿಲು ಸಿಕ್ಕ ದಿನ ತೆನೆ ಮಾತ್ರ ಕೊಯ್ದು, ನೆಲಕ್ಕೆ ತಾಡಪತ್ರಿ ಹಾಸಿ ತೆಳ್ಳಗೆ ಹರವಿರಿ. ಮೋಡವಿದ್ದರೆ ಗಾಳಿಯಾಡುವ ಪಡಸಾಲೆಯಲ್ಲಿ ಹರವಿರಿ, ಗುಂಪು ಹಾಕಬೇಡಿರಿ. ಕಪ್ಪಾದ ತೆನೆಯನ್ನು ಒಳ್ಳೆಯ ರಾಶಿಗೆ ಬೆರೆಸದೆ ಬೇರೆಯೇ ಇಡಿರಿ. ತೇವ ನೂರಕ್ಕೆ 12ಕ್ಕೆ ಇಳಿದ ಮೇಲೆಯೇ ಚೀಲ ತುಂಬಿರಿ.

ಔಷಧಿ ಸಿಂಪಡಣೆ ಬೀಜೋತ್ಪಾದನೆಯ ಹೊಲಕ್ಕೆ ಸರಿಹೋಗಬಹುದು. ಒಣಬೇಸಾಯದ ಜೋಳಕ್ಕೆ ಅದರ ಖರ್ಚು ಗಿಟ್ಟುವುದಿಲ್ಲ. ಬರುವ ಮುಂಗಾರಿಗೆ ತೆನೆ ಬಿಡಿಬಿಡಿಯಾಗಿರುವ, ಕಾಳು ಗಟ್ಟಿಯಿರುವ ತಳಿ ಆರಿಸಿರಿ. ಮನೆಯ ರೊಟ್ಟಿಗೆ ಮಾತ್ರ ಜೋಳ ಬೇಕೆನ್ನುವವರು ಮುಂಗಾರಿಯಲ್ಲಿ ತೊಗರಿ, ಹೆಸರು ಬಿತ್ತಿ, ಒಂದೆರಡು ಎಕರೆ ಎರೆಯನ್ನು ಹಿಂಗಾರಿ ಮಾಲದಂಡಿಗೆ ಉಳಿಸಿಕೊಳ್ಳಲಿ. ಅದು ಮಾಗುವುದು ಮಾಘದ ಬಿಸಿಲಿನಲ್ಲಿ.